ಚೈನ್ ಇಲ್ಲದ ಬೈಕು, ಮರೆತುಹೋದ ಎಣ್ಣೆ

1923ರ ಬರ್ಲಿನ್ ವಾಹನ ಪ್ರದರ್ಶನದಲ್ಲಿ ಬಿಎಂಡಬ್ಲ್ಯು ತನ್ನ ಮೊದಲ ಮೋಟಾರ್ ಸೈಕಲ್ ಆರ್32 ಅನ್ನು ಜನರ ಮುಂದಿಟ್ಟಾಗ ಅದರಲ್ಲಿ ಚೈನೇ ಇರಲಿಲ್ಲ. ಯುದ್ಧದಲ್ಲಿ ಸೋತ ಜರ್ಮನಿ ವಿಮಾನದ ಎಂಜಿನ್ ತಯಾರಿಸಕೂಡದೆಂದು ವರ್ಸೇಲ್ಸ್ ಒಪ್ಪಂದ ಕಟ್ಟು ಹಾಕಿತ್ತು. ಹಾಗಾಗಿ ವಿಮಾನ ಎಂಜಿನ್ನುಗಳಲ್ಲಿ ಪಳಗಿದ್ದ ಮ್ಯಾಕ್ಸ್ ಫ್ರಿಟ್ಸ್ ಬೈಕಿನ ವಿನ್ಯಾಸಕ್ಕೆ ಕೈಹಚ್ಚಿದ. ಎರಡು ಸಿಲಿಂಡರುಗಳು ಎಡಕ್ಕೂ ಬಲಕ್ಕೂ ಚಾಚುವಂತೆ ಎಂಜಿನ್ ಕೂರಿಸಿದ್ದರಿಂದ ಕ್ರ್ಯಾಂಕ್‌ಶಾಫ್ಟ್ ಬೈಕಿನ ಉದ್ದಕ್ಕೇ ಮಲಗಿತು. ಅದರ ಹಿಂದೆ ಗೇರ್‌ಬಾಕ್ಸ್, ಆಮೇಲೊಂದು ಉಕ್ಕಿನ ಶಾಫ್ಟ್, ಚಕ್ರದ ಬಳಿ ಬೆವೆಲ್ ಗೇರ್. ನೇರವಾದ ಲೆಕ್ಕ.

ಆದರೆ ಶಾಫ್ಟ್ ಫ್ರಿಟ್ಸ್‌ನ ಶೋಧವಲ್ಲ. ಬೆಲ್ಜಿಯಂನ ಬಂದೂಕು ಕಾರ್ಖಾನೆ ಎಫ್‌ಎನ್ 1905ರಲ್ಲೇ ನಾಲ್ಕು ಸಿಲಿಂಡರಿನ ಬೈಕಿಗೆ ಅದನ್ನು ಜೋಡಿಸಿತ್ತು. 1920ರ ದಶಕದಲ್ಲಿ ಅದೇ ಕಾರ್ಖಾನೆ ಚೈನಿಗೆ ಹೊರಳಿಬಿಟ್ಟಿತು. ಬಿಎಂಡಬ್ಲ್ಯು ಮಾತ್ರ ಹಿಡಿದ ಪಟ್ಟು ಬಿಡಲಿಲ್ಲ.

ಅಂದಿನ ಚೈನೆಂದರೆ ದಿನನಿತ್ಯದ ಸೇವೆ: ಎಣ್ಣೆ ಹಾಕು, ಧೂಳು ಒರೆಸು, ಸಡಿಲವಾದರೆ ಬಿಗಿ ಮಾಡು. ಮರಳುಗಾಡಿನಲ್ಲಂತೂ ಅದು ಬೇಗ ಸವೆದುಹೋಗುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಶಾಫ್ಟ್ ಬೈಕು ಬೇಕೆಂದಿತು. ಹಾರ್ಲೆ-ಡೇವಿಡ್‌ಸನ್ 1942ರಲ್ಲಿ ಶತ್ರುದೇಶದ ಬಿಎಂಡಬ್ಲ್ಯುವನ್ನೇ ಮಾದರಿಯಾಗಿಟ್ಟುಕೊಂಡು ಸುಮಾರು ಸಾವಿರ ಎಕ್ಸ್‌ಎ ಬೈಕುಗಳನ್ನು ತಯಾರಿಸಿಕೊಟ್ಟಿತು. ಧೂಳಿಗೆ ಇನ್ನೊಂದು ಉಪಾಯವೂ ಇತ್ತೆನ್ನಿ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾದ ಚೈನು ತಗಡಿನ ಕವಚ, ರಬ್ಬರ್ ತೋಳುಗಳೊಳಗೆ ಪೂರ್ತಿ ಮುಚ್ಚಿಕೊಂಡೇ ಓಡುತ್ತಿತ್ತು.

ಆರ್32ರ ಶಾಫ್ಟ್ ಹೊರಗೇ ತಿರುಗುತ್ತಿತ್ತು, ಯಾರಿಗೆ ಬೇಕಾದರೂ ಕಾಣುತ್ತಿತ್ತು. 1955ರಲ್ಲಿ ಬಿಎಂಡಬ್ಲ್ಯು ಅದನ್ನು ಹಿಂಚಕ್ರದ ತೋಳಿನ ಕೊಳವೆಯೊಳಗೆ, ಎಣ್ಣೆಯಲ್ಲಿ ಮುಳುಗಿಸಿಟ್ಟಿತು. ತಾಂತ್ರಿಕವಾಗಿ ಅಚ್ಚುಕಟ್ಟು ಕೆಲಸ. ಸವಾರನ ಮರೆವಿಗೂ ಅಲ್ಲಿಂದಲೇ ದಾರಿಯಾಯಿತು ಅನ್ನಬೇಕು.

ಕೆಲಸವೇನೂ ಇಲ್ಲವಾಗಲಿಲ್ಲ. ಬೆವೆಲ್ ಗೇರ್ ಕೂತಿರುವ ಹಿಂಚಕ್ರದ ಗೇರ್‌ಪೆಟ್ಟಿಗೆಗೆ ಬೇಕಾದ ಗೇರ್ ಆಯಿಲ್ ಎರಡು ಟೀ ಗ್ಲಾಸಿನಷ್ಟು, ಆದರೆ ಅದನ್ನು ಕಾಲಕಾಲಕ್ಕೆ ಬದಲಿಸಲೇಬೇಕು. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಕಾಡಿಗೆಯಂಥ ನುಣ್ಣನೆಯ ಕಪ್ಪು ಮಸಿ ಅಂಟಿದ್ದರೆ ಚಿಂತೆಯಿಲ್ಲ. ಹೊಳೆಯುವ ಚೂರು ಸಿಕ್ಕರೆ ಒಳಗೆ ಬೇರಿಂಗ್ ಅಥವಾ ಗೇರಿನ ಹಲ್ಲು ಕಿತ್ತುಬರುತ್ತಿದೆ ಎಂದರ್ಥ. ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಕಟಕಟ ಅಂದರೂ, ರಿಮ್ಮಿನ ಮೇಲೆ ಎಣ್ಣೆಯ ಗೆರೆ ಕಂಡರೂ ಅನುಮಾನ ಪಡಬೇಕು. 1975ರಿಂದ ಶಾಫ್ಟ್ ಹೊತ್ತು ದೂರಪ್ರಯಾಣಕ್ಕೆ ಹೆಸರಾದ ಹೋಂಡಾ ಗೋಲ್ಡ್ ವಿಂಗ್‌ನಲ್ಲಿ, ಟೈರ್ ಬದಲಿಸಲು ಚಕ್ರ ಬಿಚ್ಚಿದಾಗಲೆಲ್ಲ ಚಕ್ರವನ್ನು ಗೇರ್‌ಪೆಟ್ಟಿಗೆಗೆ ಜೋಡಿಸುವ ಸ್ಪ್ಲೈನಿನ ಹಲ್ಲುಗಳಿಗೆ ಮಾಲಿಬ್ಡಿನಮ್ ಪೇಸ್ಟ್ ಬಳಿಯುವುದು ಬಲ್ಲವರ ರೂಢಿ. ಒಣಗಿದ ಹಲ್ಲು ಸದ್ದಿಲ್ಲದೆ ಸವೆದು, ಒಂದು ದಿನ ಎಂಜಿನ್ ಕೂಗಿದರೂ ಬೈಕು ಮುಂದೆ ಹೋಗುವುದಿಲ್ಲ.

ಮರೆವು ಸವಾರರದ್ದಷ್ಟೇ ಅಲ್ಲ. 2004ರಲ್ಲಿ ಬಂದ ಆರ್1200ಜಿಎಸ್‌ನ ಹಿಂದಿನ ಗೇರ್‌ಪೆಟ್ಟಿಗೆಗೆ ತುಂಬಿದ ಎಣ್ಣೆ ಬೈಕಿನ ಆಯುಷ್ಯಕ್ಕೆ ಸಾಕೆಂದು ಕಂಪನಿಯೇ ಹೇಳಿತ್ತು. ಮುಂದೆ ಅದೇ ಕಂಪನಿ ಮಾತು ಬದಲಿಸಿತು: ಮೊದಲ 1,000 ಕಿಲೋಮೀಟರಿಗೊಮ್ಮೆ, ಆಮೇಲೆ ಪ್ರತಿ 20,000 ಕಿಲೋಮೀಟರಿಗೆ ಎಣ್ಣೆ ಬದಲಿಸಿ. ಹಳೆಯ ಶಾಫ್ಟ್ ಬೈಕು ಕೊಳ್ಳುವವರು ಬಣ್ಣ, ಟೈರು ನೋಡುವ ಮುನ್ನ ಆ ಎಣ್ಣೆ ಕಡೆಯ ಸಲ ಬದಲಾದದ್ದು ಯಾವಾಗ ಎಂದು ಕೇಳಲಿ.