ಕಾರ್ಖಾನೆ ಮುಗಿಸಿದಲ್ಲಿಂದ ಮುಂದೆ: ಔಟ್‌ಬೋರ್ಡ್ ಯಂತ್ರದ ಇನ್ನೊಂದು ಚರಿತ್ರೆ

ಯಂತ್ರಗಳ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಕಾರ್ಖಾನೆಗಳ ಚರಿತ್ರೆಯಾಗಿಯೇ ಓದುತ್ತೇವೆ. ಯಾರು ಕಂಡುಹಿಡಿದರು, ಯಾವ ವರ್ಷ ಪೇಟೆಂಟ್ ದೊರೆಯಿತು, ಯಾವ ಕಂಪನಿ ಯಾವ ಕಂಪನಿಯನ್ನು ನುಂಗಿತು ಎಂಬುದರಲ್ಲಿ ಆ ಕಥನ ಮುಗಿಯುತ್ತದೆ. ಆದರೆ ಕಾರ್ಖಾನೆಯ ಬಾಗಿಲು ದಾಟಿದ ಯಂತ್ರಕ್ಕೆ ಇನ್ನೊಂದು ಬದುಕು ಇರುತ್ತದೆ. ಕೊಂಡವನು ಅದನ್ನು ಬಿಚ್ಚುತ್ತಾನೆ, ಉಜ್ಜುತ್ತಾನೆ, ಕೊರೆಯುತ್ತಾನೆ. ಮಾಡಿದವನು ಊಹಿಸದ ಕೆಲಸಕ್ಕೆ ಹಚ್ಚುತ್ತಾನೆ. ಈ ಎರಡನೆಯ ಬದುಕಿಗೆ ದಾಖಲೆಗಳು ಕಡಿಮೆ. ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ ಇದಕ್ಕೊಂದು ಒಳ್ಳೆಯ ನಿದರ್ಶನ. ಹುಟ್ಟು ಹಾಕುವ ಶ್ರಮವನ್ನು ತಪ್ಪಿಸಲೆಂದು ಬಂದ ಯಂತ್ರ ಎಂಬತ್ತು ವರ್ಷಗಳಲ್ಲಿ ಗಂಟೆಗೆ 280 ಕಿಲೋಮೀಟರ್ ಮೀರಿದ ವೇಗವನ್ನು ಮುಟ್ಟಿತು. ಆ ದಾರಿಯ ಬಹುಭಾಗವನ್ನು ಸವೆಸಿದ್ದು ಅರ ಹಿಡಿದ ಕೈಗಳು.

ಔಟ್‌ಬೋರ್ಡ್ ಎಂಜಿನ್ನಿನ ಜನಕರೆಂದು ಸಾಮಾನ್ಯವಾಗಿ ಹೆಸರಿಸಲ್ಪಡುವವರು ನಾರ್ವೆಯಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ವಲಸೆ ಹೋದ ಓಲೆ ಎವಿನ್ರೂಡ್. ಅವರಿಗಿಂತ ಮೊದಲೇ ಡೆಟ್ರಾಯಿಟ್‌ನ ಕ್ಯಾಮೆರಾನ್ ವಾಟರ್‌ಮನ್ ಇಂಥದೊಂದು ಯಂತ್ರವನ್ನು ಮಾರುಕಟ್ಟೆಗೆ ತಂದಿದ್ದರು. ಆದರೆ ಜನಬಳಕೆಯ ವಸ್ತುವಾಗಿ ಅದನ್ನು ನೆಲೆಗೊಳಿಸಿದ ಶ್ರೇಯಸ್ಸು ಎವಿನ್ರೂಡ್ ದಂಪತಿಗಳದು. 1909ರಲ್ಲಿ ಮಿಲ್ವಾಕಿಯಿಂದ ಹೊರಟ ಅವರ ಎಂಜಿನ್ನಿಗೆ ಒಂದೇ ಸಿಲಿಂಡರ್, ಒಂದೂವರೆ ಅಶ್ವಶಕ್ತಿ, ಸುಮಾರು 62 ಪೌಂಡ್ ತೂಕ. ಮೀನು ಹಿಡಿಯುವವರಿಗೂ ಸರೋವರದಲ್ಲಿ ವಿಹರಿಸುವವರಿಗೂ ಅಷ್ಟು ಸಾಕಾಗಿತ್ತು.

ಈ ಯಂತ್ರ ಟೂ-ಸ್ಟ್ರೋಕ್ ಆಗಿದ್ದುದು ಮುಂದಿನ ಕಥೆಗೆಲ್ಲ ಮೂಲ. ನಮ್ಮಲ್ಲಿ ಒಂದು ತಲೆಮಾರಿನವರಿಗೆ ಇದರ ಪರಿಚಯ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಯ ಸದ್ದಿನಿಂದ ಉಂಟು. ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ನಾಲ್ಕು ಬಾರಿ ಚಲಿಸಿದಾಗ ಒಮ್ಮೆ ಇಂಧನ ಉರಿಯುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಎರಡು ಬಾರಿಗೊಮ್ಮೆ. ಕವಾಟಗಳಿಲ್ಲ, ಅವುಗಳನ್ನು ಎತ್ತುವ ದಂಡಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ; ಪಿಸ್ಟನ್ ತಾನೇ ಅವುಗಳನ್ನು ಮುಚ್ಚುತ್ತದೆ, ತೆರೆಯುತ್ತದೆ. ಅಂದರೆ ಎಂಜಿನ್ನಿನ ಸ್ವಭಾವವೆಲ್ಲ ಆ ಕಿಂಡಿಗಳ ಎತ್ತರ, ಅಗಲ, ಓರೆಗಳಲ್ಲಿ ಅಡಗಿದೆ. ಹೊಗೆ ಹೊರಹೋಗುವ ಕಿಂಡಿಯ ಮೇಲಂಚನ್ನು ಒಂದು ಮಿಲಿಮೀಟರ್ ಎತ್ತರಿಸಿದರೆ ಸಾಕು, ಅದು ಬೇಗ ತೆರೆದುಕೊಳ್ಳುತ್ತದೆ; ಎಂಜಿನ್ ಹೆಚ್ಚು ವೇಗವಾಗಿ ಸುತ್ತಬಲ್ಲದು, ಕಡಿಮೆ ವೇಗದಲ್ಲಿ ಮಾತ್ರ ಬಲಗುಂದುತ್ತದೆ. ಇದಕ್ಕೆ ಬೇಕಾದುದು ಒಂದು ಅರ, ಒಂದು ಅಳತೆಪಟ್ಟಿ ಮತ್ತು ಕೆಡಿಸಿಕೊಳ್ಳುವ ಧೈರ್ಯ. ಯಂತ್ರ ಸರಳವಾಗಿದ್ದುದರಿಂದಲೇ ಹಿತ್ತಿಲ ಷೆಡ್ಡಿನಲ್ಲಿಯೂ ಅದರ ಗುಣವನ್ನು ಬದಲಿಸುವುದು ಸಾಧ್ಯವಾಯಿತು.

1920ರ ದಶಕದಲ್ಲಿ ಎವಿನ್ರೂಡ್ ಅವರ ಎಲ್ಟೋ ಮತ್ತು ಇಂಡಿಯಾನಾದ ಜಾನ್ಸನ್ ಸಹೋದರರ ಎಂಜಿನ್‌ಗಳು ಅಲ್ಯುಮಿನಿಯಂ ಬಳಸಿ ಹಗುರಾದವು. ದೋಣಿ ನೀರನ್ನು ಸೀಳಿ ಸಾಗುವುದನ್ನು ಬಿಟ್ಟು ನೀರಿನ ಮೇಲೆ ಜಾರತೊಡಗಿದಾಗ ಪಂದ್ಯಗಳು ತಾವಾಗಿ ಹುಟ್ಟಿದವು. ಹಡ್ಸನ್ ನದಿಯಲ್ಲಿ ಆಲ್ಬನಿಯಿಂದ ನ್ಯೂಯಾರ್ಕಿನವರೆಗೆ ನಡೆಯುತ್ತಿದ್ದ ದೀರ್ಘ ಪಂದ್ಯ ಆ ಕಾಲದ ದೊಡ್ಡ ಆಕರ್ಷಣೆ. ಮಾರ್ಪಾಟಿನ ಕ್ರಮವೂ ಆಗಲೇ ರೂಪುಗೊಂಡಿತು. ಸದ್ದಡಗಿಸಲು ಹೊಗೆಯನ್ನು ನೀರಿನೊಳಗೆ ಬಿಡುತ್ತಿದ್ದ ಕೊಳವೆಯನ್ನು ತೆಗೆದು ಬಯಲಿಗೆ ಬಿಡುವುದು. ಸಿಲಿಂಡರಿನ ತಲೆಯನ್ನು ಕೆರೆದು ಒತ್ತಡವನ್ನು ಹೆಚ್ಚಿಸುವುದು. ಪೆಟ್ರೋಲಿನ ಬದಲು ಮೆಥನಾಲ್ ಸುರಿಯುವುದು. ಮೆಥನಾಲ್ ಆವಿಯಾಗುವಾಗ ಎಂಜಿನ್ನನ್ನು ತಂಪಾಗಿಡುತ್ತದೆ, ಹೆಚ್ಚಿನ ಒತ್ತಡವನ್ನು ತಾಳುತ್ತದೆ; ಆದರೆ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಮಿಗಿಲಾಗಿ ಬೇಕು. ಆದ್ದರಿಂದ ಕಾರ್ಬ್ಯುರೇಟರಿನ ರಂಧ್ರಗಳನ್ನು ದೊಡ್ಡದು ಮಾಡಬೇಕು. ಖನಿಜ ತೈಲ ಮೆಥನಾಲಿನಲ್ಲಿ ಬೆರೆಯದು, ಹರಳೆಣ್ಣೆ ಬೆರೆಯುತ್ತದೆ. ನಮ್ಮ ಮನೆಗಳಲ್ಲಿ ದೀಪಕ್ಕೂ ಮಕ್ಕಳ ಹೊಟ್ಟೆಗೂ ಬಳಸುತ್ತಿದ್ದ ಆ ಎಣ್ಣೆಯೇ ಪಂದ್ಯದ ಎಂಜಿನ್‌ಗಳ ಪಿಸ್ಟನ್ನನ್ನು ದಶಕಗಳ ಕಾಲ ಕಾಪಾಡಿತು.

ಎರಡನೆಯ ಘಟ್ಟಕ್ಕೆ ನಾಯಕರಾದವರು ವಿಸ್ಕಾನ್ಸಿನ್‌ನ ಎಂಜಿನಿಯರ್ ಕಾರ್ಲ್ ಕೀಕ್‌ಹಾಫರ್. 1939ರಲ್ಲಿ ಅವರು ಸೀಡರ್‌ಬರ್ಗ್‌ನಲ್ಲಿ ಒಂದು ದಿವಾಳಿಯಂಚಿನ ಕಾರ್ಖಾನೆಯನ್ನು ಕೊಂಡಾಗ ಅವರ ಉದ್ದೇಶ ಔಟ್‌ಬೋರ್ಡ್ ಎಂಜಿನ್ ತಯಾರಿಸುವುದಾಗಿರಲಿಲ್ಲ. ಅಲ್ಲಿ ಸುಮಾರು 300 ಎಂಜಿನ್‌ಗಳು ಬಿದ್ದಿದ್ದವು. ದೋಷಪೂರಿತವೆಂದು ಗ್ರಾಹಕ ಕಂಪನಿ ಹಿಂದಿರುಗಿಸಿದ ಸರಕು. ಕೈಯಲ್ಲಿ ಹಣ ಬೇಕಾಗಿತ್ತಾದ್ದರಿಂದ ಕೀಕ್‌ಹಾಫರ್ ಅವುಗಳನ್ನು ಬಿಚ್ಚಿ, ತಿದ್ದಿ, ಮರಳಿ ಕಟ್ಟಿದರು. ಹಿಂದಿರುಗಿಸಿದ ಕಂಪನಿಯೇ ಮತ್ತೆ ಕೊಂಡು ಇನ್ನಷ್ಟು ಬೇಕೆಂದಿತು. ಮುಂದೆ ಮರ್ಕ್ಯುರಿ ಎಂಬ ಹೆಸರಿನಲ್ಲಿ ಜಗತ್ಪ್ರಸಿದ್ಧವಾದ ಉದ್ಯಮದ ಆರಂಭವೇ ಹೀಗೆ ಬೇರೆಯವರ ಎಂಜಿನ್ನಿನ ಮಾರ್ಪಾಟಿನಲ್ಲಿದೆ.

ಯುದ್ಧಾನಂತರ ಮರ್ಕ್ಯುರಿ ಪಂದ್ಯಕ್ಕೆಂದು ಕ್ವಿಕ್‌ಸಿಲ್ವರ್ ಎಂಬ ಕೆಳಭಾಗವನ್ನು ಪ್ರತ್ಯೇಕವಾಗಿ ಮಾರಿತು. ನೀರಿನೊಳಗಿರುವ ಗೇರ್‌ಪೆಟ್ಟಿಗೆಯನ್ನು ಸಪೂರವಾಗಿಸಿ, ನೀರಿನ ತಡೆಯನ್ನು ತಗ್ಗಿಸಿದ ರೂಪ ಅದು. ಮನೆಬಳಕೆಯ ಎಂಜಿನ್ನಿನ ಮೇಲ್ಭಾಗವನ್ನು ಅದರ ಮೇಲೆ ಕೂರಿಸಿದರೆ ಪಂದ್ಯದ ಯಂತ್ರ ಸಿದ್ಧ. ಇನ್ನೊಂದೆಡೆ ಅಮೆರಿಕದ ಪವರ್ ಬೋಟ್ ಸಂಸ್ಥೆ 'ಸ್ಟಾಕ್' ವರ್ಗವನ್ನು ತೆರೆಯಿತು. ಅಂಗಡಿಯಿಂದ ತಂದ ಎಂಜಿನ್ನನ್ನು ಇದ್ದಂತೆಯೇ ಓಡಿಸಬೇಕೆಂಬುದು ಅದರ ನಿಯಮ. ಮೆಥನಾಲ್ ಎಂಜಿನ್‌ಗಳು ಸಾಮಾನ್ಯರ ಕೈಗೆ ಎಟುಕದಷ್ಟು ದುಬಾರಿಯಾಗಿದ್ದುದೇ ಇದರ ಹಿನ್ನೆಲೆ. 'ಸ್ಟಾಕ್' ಎಂದರೇನು, 'ಮಾಡಿಫೈಡ್' ಎಂದರೇನು, ಎಷ್ಟು ಉಜ್ಜಿದರೆ ಒಂದು ಇನ್ನೊಂದಾಗುತ್ತದೆ ಎಂಬ ವಾದ ಇಂದಿಗೂ ಮುಗಿದಿಲ್ಲ. ಯಂತ್ರದ ಮಾಲೀಕತ್ವ ಯಾವಾಗ ತಯಾರಕನಿಂದ ಬಳಕೆದಾರನಿಗೆ ಪೂರ್ತಿ ದಾಟುತ್ತದೆ ಎಂಬ ಪ್ರಶ್ನೆಯ ಇನ್ನೊಂದು ರೂಪವಿದು.

1958ರ ಜೂನ್‌ನಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ಸರೋವರದಲ್ಲಿ ಹ್ಯೂಬರ್ಟ್ ಎಂಟ್ರಾಪ್ ಆರು ಸಿಲಿಂಡರಿನ ಮರ್ಕ್ಯುರಿಯೊಡನೆ ಗಂಟೆಗೆ 107.821 ಮೈಲಿ, ಅಂದರೆ 173 ಕಿಲೋಮೀಟರ್ ದಾಟಿದರು. ಎರಡೇ ವರ್ಷಗಳಲ್ಲಿ ಪ್ರತಿಸ್ಪರ್ಧಿ ಎವಿನ್ರೂಡ್ ಎಂಜಿನ್ನಿನೊಡನೆ ಅವರೇ 122 ಮೈಲಿ ಮೀರಿದರು. ಇವು ಕಂಪನಿಗಳ ಜಾಹೀರಾತಿನಲ್ಲಿ ಮೆರೆದ ದಾಖಲೆಗಳು. ಆದರೆ ಮರ್ಕ್ಯುರಿಯ ಎಂಜಿನ್‌ಗಳಿಗೆ ಒಂದು ಮಿತಿಯಿತ್ತು. ಅವುಗಳ ಪಿಸ್ಟನ್ನಿನ ತಲೆಯಲ್ಲಿ ಒಂದು ಏಣು. ಒಳಬಂದ ಹೊಸ ಮಿಶ್ರಣವನ್ನು ಮೇಲಕ್ಕೆ ತಿರುಗಿಸಿ, ನೇರವಾಗಿ ಎದುರಿನ ಕಿಂಡಿಯಿಂದ ಹೊರಹೋಗದಂತೆ ತಡೆಯಲು. ಆ ಏಣು ಬಿಸಿಯನ್ನು ಹಿಡಿದಿಡುತ್ತದೆ, ಉರಿಯುವ ಕೋಣೆಯ ಆಕಾರವನ್ನು ಕೆಡಿಸುತ್ತದೆ. ಜರ್ಮನಿಯ ಅಡಾಲ್ಫ್ ಷ್ನ್ಯೂರ್ಲೆ 1920ರ ದಶಕದಲ್ಲೇ ಇದಕ್ಕೆ ಪರಿಹಾರ ಕಂಡಿದ್ದರು: ಕಿಂಡಿಗಳನ್ನು ಓರೆಯಾಗಿ ಇಟ್ಟರೆ ಮಿಶ್ರಣ ಸಿಲಿಂಡರಿನೊಳಗೆ ತಾನೇ ಸುರುಳಿಯಾಗಿ ತಿರುಗುತ್ತದೆ, ಚಪ್ಪಟೆ ಪಿಸ್ಟನ್ ಸಾಕು. ದೊಡ್ಡ ಕಾರ್ಖಾನೆ ಇನ್ನೂ ಹಳೆಯ ವಿನ್ಯಾಸಕ್ಕೆ ಅಂಟಿಕೊಂಡಿದ್ದಾಗ ಇಲಿನಾಯ್‌ನ ಕ್ವಿನ್ಸಿ ಪಟ್ಟಣದ ಒಂದು ವೆಲ್ಡಿಂಗ್ ಕಾರ್ಯಾಗಾರ ಮರ್ಕ್ಯುರಿಯ ಬುಡದ ಮೇಲೆ ಚಪ್ಪಟೆ ಪಿಸ್ಟನ್ನಿನ ಹೊಸ ಸಿಲಿಂಡರುಗಳನ್ನು ಕಟ್ಟಿ ಓಡಿಸಿತು. ಓ. ಎಫ್. ಕ್ರಿಸ್ಟ್ನರ್ ಅವರ ಈ 'ಕ್ವಿನ್ಸಿ ಲೂಪರ್' ಪಂದ್ಯಗಳಲ್ಲಿ ಹೆಸರು ಮಾಡಿತು. ಮರ್ಕ್ಯುರಿ ತನ್ನ ದೊಡ್ಡ ಎಂಜಿನ್‌ಗಳಲ್ಲಿ ಅದೇ ತತ್ತ್ವವನ್ನು ಅಳವಡಿಸಿಕೊಂಡದ್ದು 1970ರ ದಶಕದಲ್ಲಿ.

ಇದೇ ಕಾಲಕ್ಕೆ ಯುರೋಪಿನಲ್ಲಿ ಇನ್ನೊಂದು ಧಾರೆ ಹರಿಯುತ್ತಿತ್ತು. ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯ ವಾಲ್ಟರ್ ಕಾಡೆನ್ ಅವರ ಕೈಯಲ್ಲಿ ಹಣವಿರಲಿಲ್ಲ, ಒಳ್ಳೆಯ ಲೋಹವೂ ಇರಲಿಲ್ಲ. ಅವರು ಪಳಗಿಸಿಕೊಂಡದ್ದು ಸದ್ದನ್ನು. ನಿಮಿಷಕ್ಕೆ 9000 ಸುತ್ತು ಸುತ್ತುವ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಸೆಕೆಂಡಿನ 150ರಲ್ಲಿ ಒಂದು ಪಾಲು ಮಾತ್ರ. ಕಿಂಡಿ ತೆರೆದೊಡನೆ ಹೊರಗೆ ಸಿಡಿಯುವ ಒತ್ತಡದ ಅಲೆ ಕೊಳವೆಯಲ್ಲಿ ಸಾಗುತ್ತದೆ. ಕೊಳವೆ ಅಗಲವಾಗುತ್ತ ಹೋದರೆ ಅದು ಹೀರುವ ಅಲೆಯಾಗಿ ಹಿಂದಿರುಗಿ ಸಿಲಿಂಡರನ್ನು ಬರಿದುಮಾಡುತ್ತದೆ. ತುದಿಯಲ್ಲಿ ಕಿರಿದಾದರೆ ತಳ್ಳುವ ಅಲೆಯಾಗಿ ಹಿಂದಿರುಗಿ, ತಪ್ಪಿಸಿಕೊಂಡು ಹೊರಟಿದ್ದ ಹೊಸ ಮಿಶ್ರಣವನ್ನು ಮತ್ತೆ ಒಳಕ್ಕೆ ನೂಕುತ್ತದೆ. ಈ ಕಲ್ಪನೆಯನ್ನು ಮೊದಲು ಹೊಳೆಸಿಕೊಂಡವರು ಕಾಡೆನ್ ಅಲ್ಲ. ಅದನ್ನು ಅಳೆದು, ಹದಗೊಳಿಸಿ, 1961ರ ವೇಳೆಗೆ 125 ಸಿಸಿ ಎಂಜಿನ್ನಿನಿಂದ 25 ಅಶ್ವಶಕ್ತಿ ತೆಗೆದವರು ಅವರು. ಆ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ಪಂದ್ಯದ ಬೆನ್ನಲ್ಲೇ ಪಶ್ಚಿಮಕ್ಕೆ ಪಲಾಯನ ಮಾಡಿ ಆ ವಿದ್ಯೆಯೊಡನೆ ಸುಝುಕಿಯನ್ನು ಸೇರಿದರು. ಮರುವರ್ಷ ಸುಝುಕಿ 50 ಸಿಸಿ ವಿಶ್ವಪ್ರಶಸ್ತಿ ಗೆದ್ದಿತು.

1960ರ ದಶಕದಲ್ಲಿ ಆ ಉಬ್ಬುಗೊಳವೆಗಳು ಪಂದ್ಯದ ದೋಣಿಗಳ ಬೆನ್ನನ್ನೂ ಏರಿದವು. ಬರ್ಲಿನ್ನಿನ ಕೊನಿಗ್ ಎಂಬ ಸಣ್ಣ ಕಾರ್ಖಾನೆ ಇದರಲ್ಲಿ ಮುಂದಿತ್ತು. ಅಲ್ಲಿ ಕೆಲಸಕ್ಕೆ ಸೇರಿದ ನ್ಯೂಜಿಲೆಂಡಿನ ಕಿಮ್ ನ್ಯೂಕಂಬ್, ದೋಣಿಗೆಂದು ಮಾಡಿದ 500 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್ನನ್ನು ಮೋಟಾರ್ ಸೈಕಲ್ಲಿಗೆ ಕೂರಿಸಿದರು. 1973ರಲ್ಲಿ ಯುಗೊಸ್ಲಾವಿಯಾದ ಗ್ರ್ಯಾನ್ ಪ್ರಿ ಗೆದ್ದರು. ಅದೇ ಆಗಸ್ಟ್‌ನಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಅಪಘಾತಕ್ಕೀಡಾಗಿ ತೀರಿಕೊಂಡರು. ವಿಶ್ವಸ್ಪರ್ಧೆಯ ಎರಡನೆಯ ಸ್ಥಾನ ಮರಣಾನಂತರ ಅವರಿಗೆ ಸಂದಿತು. 1975 ಮತ್ತು 1976ರ ಸೈಡ್‌ಕಾರ್ ವಿಶ್ವಪ್ರಶಸ್ತಿಗಳೂ ಕೊನಿಗ್ ಎಂಜಿನ್ನಿಗೇ ಬಂದವು. ಮೋಟಾರ್ ಸೈಕಲ್ಲಿನಿಂದ ದೋಣಿಗೆ ಹೋದ ವಿದ್ಯೆ ದೋಣಿಯಿಂದ ಮೋಟಾರ್ ಸೈಕಲ್ಲಿಗೆ ಮರಳಿತ್ತು.

ವೇಗದ ಬೆಲೆಯನ್ನು ಇಲ್ಲಿ ಮರೆಯುವಂತಿಲ್ಲ. ಎಂಜಿನ್ನನ್ನು ಎತ್ತರಿಸಿ ಪ್ರೊಪೆಲ್ಲರಿನ ಅರ್ಧಭಾಗ ಗಾಳಿಯಲ್ಲಿ ತಿರುಗುವಂತೆ ಮಾಡಿದಾಗ, ದೋಣಿ ನೀರನ್ನು ಮುಟ್ಟುವುದು ಹೆಸರಿಗೆ ಮಾತ್ರ. ಮೂತಿಯಡಿ ಗಾಳಿ ನುಗ್ಗಿದರೆ ಅದು ಹಿಮ್ಮುಖವಾಗಿ ಮಗುಚುತ್ತದೆ. 1980ರ ದಶಕದ ಆರಂಭದಲ್ಲಿ ಮರ್ಕ್ಯುರಿ ಮತ್ತು ಔಟ್‌ಬೋರ್ಡ್ ಮರೀನ್ ಕಂಪನಿಗಳ ಶಕ್ತಿಸ್ಪರ್ಧೆ 3.5 ಲೀಟರಿನ ವಿ-8 ಎಂಜಿನ್‌ಗಳವರೆಗೆ ಬೆಳೆಯಿತು. 1984ರ ಒಂದೇ ಋತುವಿನಲ್ಲಿ ಹಲವು ಚಾಲಕರು ಪ್ರಾಣ ಕಳೆದುಕೊಂಡರು. ಇಂಗ್ಲೆಂಡಿನ ದೋಣಿ ನಿರ್ಮಾಪಕ ಕ್ರಿಸ್ ಹಾಜಸ್ ರೂಪಿಸಿದ ಗಟ್ಟಿ ರಕ್ಷಣಾಕವಚ ಆಮೇಲೆ ಅನೇಕರ ಜೀವ ಉಳಿಸಿತು. ಅಂಥದೇ ವಿ-8 ಎಂಜಿನ್ನಿನೊಡನೆ 1989ರ ನವೆಂಬರಿನಲ್ಲಿ ಬಾಬ್ ವಾರ್ಟಿಂಗರ್ ಅರಿಜೋನಾದಲ್ಲಿ ಗಂಟೆಗೆ 176.556 ಮೈಲಿ, ಅಂದರೆ 284 ಕಿಲೋಮೀಟರ್ ವೇಗವನ್ನು ಮುಟ್ಟಿದರು.

ಇಷ್ಟೆಲ್ಲ ಜಾಣ್ಮೆಯ ನಡುವೆ ಒಂದು ಹಳೆಯ ದೋಷ ಹಾಗೆಯೇ ಉಳಿದಿತ್ತು. ಟೂ-ಸ್ಟ್ರೋಕ್‌ನಲ್ಲಿ ಒಳಬರುವ ಕಿಂಡಿಯೂ ಹೊರಹೋಗುವ ಕಿಂಡಿಯೂ ಕೆಲ ಕಾಲ ಒಟ್ಟಿಗೇ ತೆರೆದಿರುತ್ತವೆ. ಅಷ್ಟರಲ್ಲಿ ಉರಿಯದ ಇಂಧನ ನೇರವಾಗಿ ಹೊರಬೀಳುತ್ತದೆ. ಸಾಧಾರಣ ಔಟ್‌ಬೋರ್ಡ್‌ನಲ್ಲಿ ಅದು ಬೀಳುವುದು ನೀರಿಗೆ. ತುಂಬಿಸಿದ ಇಂಧನದ ಕಾಲುಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಹೀಗೆ ಪೋಲಾಗುತ್ತಿತ್ತು. ತಪ್ಪಿಸಿಕೊಳ್ಳುವ ಮಿಶ್ರಣವನ್ನು ಹಿಂದಿರುಗಿಸುವ ಬಗೆಯನ್ನು ಕಾಡೆನ್ ತೋರಿಸಿದ್ದರು ನಿಜ. ಆದರೆ ಆ ಉಪಾಯ ಫಲಿಸುವುದು ಅಲೆಯ ಸಮಯವೂ ಪಿಸ್ಟನ್ನಿನ ಸಮಯವೂ ಹೊಂದುವ ಕಿರಿದಾದ ವೇಗದ ಪಟ್ಟಿಯಲ್ಲಿ ಮಾತ್ರ. ಪಂದ್ಯದವನಿಗೆ ಅಷ್ಟು ಸಾಕು. ನಿಧಾನವಾಗಿ ಬಲೆ ಬೀಸುವವನಿಗೆ ಅದರಿಂದ ಪ್ರಯೋಜನವಿಲ್ಲ. ಅವನಿಗೆ ಬೇಕಾದುದು, ಹೊಗೆಯ ಕಿಂಡಿ ಮುಚ್ಚಿದ ಮೇಲೆ ಇಂಧನವನ್ನು ಸಿಲಿಂಡರಿನೊಳಗೇ ಚಿಮ್ಮಿಸುವ ವ್ಯವಸ್ಥೆ. ಅದು ಔಟ್‌ಬೋರ್ಡ್ ಮಾರುಕಟ್ಟೆಗೆ ಬಂದದ್ದು 1990ರ ದಶಕದಲ್ಲಿ, ಅಮೆರಿಕದ ಪರಿಸರ ಇಲಾಖೆ 1996ರಲ್ಲಿ ಹೊಗೆಯ ಮಿತಿಯನ್ನು ಗೊತ್ತುಪಡಿಸಿದ ಹೊತ್ತಿಗೆ. ಟಾಹೋ ಸರೋವರದಲ್ಲಿ ಕಾರ್ಬ್ಯುರೇಟರಿನ ಟೂ-ಸ್ಟ್ರೋಕ್‌ಗಳಿಗೆ 1999ರಲ್ಲಿ ನಿಷೇಧ ಬಂತು. ಔಟ್‌ಬೋರ್ಡ್ ಮರೀನ್ ಕಂಪನಿ 2000ದ ಕೊನೆಯಲ್ಲಿ ದಿವಾಳಿಯಾಯಿತು. ಹೊಸ ಒಡೆಯರ ಕೈಯಲ್ಲಿ ಮುಂದುವರಿದ ಎವಿನ್ರೂಡ್ ಎಂಜಿನ್‌ಗಳ ತಯಾರಿಕೆಯೂ 2020ರಲ್ಲಿ ನಿಂತಿತು.

ದಿಲ್ಲಿಯ ಹಳೆಯ ಆಟೋಗಳ ನೀಲಿ ಹೊಗೆಯನ್ನು ಕಂಡವರಿಗೆ ಈ ಕಥೆ ದೂರದ್ದಲ್ಲ. ನಮ್ಮ ಕರಾವಳಿಯ ನಾಡದೋಣಿಗಳ ಬೆನ್ನಿಗಂಟಿದ ಸೀಮೆಎಣ್ಣೆಯ ಔಟ್‌ಬೋರ್ಡ್‌ಗಳೂ ಇದೇ ವಂಶದವು. ಪೆಟ್ರೋಲಿನಲ್ಲಿ ಚಾಲೂ ಆಗಿ, ಬಿಸಿಯೇರಿದ ಮೇಲೆ ಸೀಮೆಎಣ್ಣೆಗೆ ಹೊರಳುವ ಎಂಜಿನ್ನುಗಳು ಅವು. ವೇಗಕ್ಕಾಗಿ ಅಲ್ಲ, ಅಗ್ಗದ ಇಂಧನಕ್ಕಾಗಿ ಹೊಂದಿಸಿದವು. ಕ್ವಿನ್ಸಿಯ ಕಾರ್ಯಾಗಾರ ಕಾರ್ಖಾನೆಗಿಂತ ಮುಂದೆ ಯೋಚಿಸಿದ್ದು ಪಂದ್ಯ ಗೆಲ್ಲಬೇಕೆಂಬ ಒಂದೇ ಉದ್ದೇಶದಿಂದ. ಅರ ಹಿಡಿದ ಕೈಗೆ ಏನನ್ನು ಸಾಧಿಸಬೇಕೆಂದು ಹೇಳಿದವರು ಪಂದ್ಯದ ನಿಯಮಕಾರರು. ನೀರಿಗೆ ಬಿದ್ದ ಎಣ್ಣೆಯನ್ನು ಲೆಕ್ಕಕ್ಕೆ ಹಿಡಿಯುವ ನಿಯಮ ಎಂಬತ್ತಕ್ಕೂ ಹೆಚ್ಚು ವರ್ಷ ಇರಲಿಲ್ಲ. ಅದು ಬಂದ ಮೇಲೆ ಪರಿಹಾರಕ್ಕೆ ಹಿಡಿದದ್ದು ಕೆಲವೇ ವರ್ಷ. ಸೀಮೆಎಣ್ಣೆಯ ಎಂಜಿನ್ನುಗಳನ್ನು ಬದಲಿಸುವ ಮಾತು ನಡೆದಿರುವ ಈ ಹೊತ್ತಿನಲ್ಲಿ ಆ ಅಂತರವನ್ನು ನಮ್ಮ ಮೀನುಗಾರರೂ ಸರ್ಕಾರವೂ ಸಮನಾಗಿ ಗಮನಿಸಬೇಕಾಗಿದೆ.