ಮಿಷನರಿ ಮನೆತನವೊಂದರ ಶಾಸ್ತ್ರದಾನ

ಬೆಂಗಳೂರಿನ ಅವೆನ್ಯೂ ರಸ್ತೆಯ ಜನಸಂದಣಿಯ ನಡುವೆ ರೈಸ್ ಸ್ಮಾರಕ ಚರ್ಚು ಎಂಬ ಕ್ರೈಸ್ತ ದೇವಾಲಯವಿದೆ. ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ರೈಸ್ ಎಂದೊಡನೆ ನೆನಪಾಗುವವರು ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪಾದಕರಾದ ಬಿ. ಎಲ್. ರೈಸ್. ಆದರೆ ಆ ದೇವಾಲಯ ಸ್ಮರಿಸುತ್ತಿರುವುದು ಅವರ ತಂದೆಯವರಾದ ರೆವರೆಂಡ್ ಬೆಂಜಮಿನ್ ರೈಸ್ ಅವರನ್ನು. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಹಿರಿಯ ಮಗ ಲೂಯಿಸ್ ಸರ್ಕಾರಿ ಅಧಿಕಾರಿ ಮತ್ತು ಶಾಸನ ವಿದ್ವಾಂಸ. ಇನ್ನೊಬ್ಬ ಮಗ ಎಡ್ವರ್ಡ್ ತಂದೆಯಂತೆಯೇ ಪಾದ್ರಿ, ಜೊತೆಗೆ ಕನ್ನಡ ಸಾಹಿತ್ಯ ಚರಿತ್ರೆಕಾರ. ಕಡಲಾಚೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಈ ಮನೆತನದ ದಿನಚರಿಯನ್ನೂ ದಾನಧರ್ಮಗಳನ್ನೂ ನಮ್ಮ ಪರಂಪರೆಯ ಅಳತೆಗೋಲಿನಿಂದ ನೋಡಿದರೆ ಏನು ಕಾಣುತ್ತದೆ ಎಂಬುದೇ ಈ ಲೇಖನದ ಜಿಜ್ಞಾಸೆ.

ಆ ಅಳತೆಗೋಲು ಚತುರ್ವಿಧ ದಾನ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಒಂದೇ ಸಮಾಸಪದವಾಗಿ ಕಟ್ಟಿ ದಾನಿಗಳನ್ನು ಹೊಗಳುವುದು ನಮ್ಮ ಶಾಸನಗಳ ವಾಡಿಕೆ. ದಾನದ ಯೋಗ್ಯತೆ ಕೊಟ್ಟ ವಸ್ತುವೊಂದರಿಂದಲೇ ನಿರ್ಧಾರವಾಗುವುದಿಲ್ಲ. ಕೊಡುವ ವಿಧಾನ, ಕೊಡುವವನ ಮನಸ್ಸು, ಪಡೆಯುವವನ ಪಾತ್ರತೆ ಇವೆಲ್ಲವೂ ಅದರಲ್ಲಿ ಸೇರುತ್ತವೆ ಎಂಬುದು ‘ತತ್ತ್ವಾರ್ಥಸೂತ್ರ’ದ ನಿಲುವು. ಕೊಡುವ ಕೈ ಫಲವನ್ನು ಮೊದಲೇ ಬಯಸಿದರೆ ಆ ಬಯಕೆಗೆ ನಿದಾನವೆಂದು ಹೆಸರು. ಮಾಯೆ, ಮಿಥ್ಯೆಗಳೊಡನೆ ಅದು ಮೂರನೆಯ ಶಲ್ಯ, ಒಳಗೆ ಮುರಿದು ಉಳಿದ ಮುಳ್ಳು. ಈ ವಿವೇಕವನ್ನು ಅನ್ಯಮತೀಯರ ದಾನಕ್ಕೆ ಮಾತ್ರ ಅನ್ವಯಿಸಿ ನಮ್ಮದನ್ನು ಬಿಟ್ಟುಬಿಡುವುದು ನ್ಯಾಯವಲ್ಲವಾದ್ದರಿಂದ, ಲೇಖನದ ಕೊನೆಯಲ್ಲಿ ಅದನ್ನು ನಮ್ಮ ಕಡೆಗೂ ತಿರುಗಿಸಬೇಕಾಗುತ್ತದೆ.

ಬೆಂಜಮಿನ್ ರೈಸ್ ಅವರು ಬೆಂಗಳೂರಿನಲ್ಲಿ ಕೆಲಸ ಆರಂಭಿಸಿದ್ದು 1837ರಲ್ಲಿ. ಆರು ವರ್ಷಗಳ ಹಿಂದೆಯಷ್ಟೇ ಮೈಸೂರಿನ ಆಡಳಿತವನ್ನು ಬ್ರಿಟಿಷರು ಕೈಗೆ ತೆಗೆದುಕೊಂಡಿದ್ದರು. ಊರು ಎರಡು ಭಾಗವಾಗಿತ್ತು: ಕೋಟೆಯ ಉತ್ತರಕ್ಕೆ ವ್ಯಾಪಾರಿಗಳ, ನೇಕಾರರ ಪೇಟೆ, ಅದರ ಈಶಾನ್ಯಕ್ಕೆ ಸೈನ್ಯದ ದಂಡು. ಇಂದು ನಗರದೊಳಗೆ ಬೆರೆತುಹೋಗಿರುವ ಲಗ್ಗೆರೆಯಂತಹ ಪಶ್ಚಿಮದ ಊರುಗಳು ಆಗ ಕೆರೆ, ಹೊಲಗಳ ಹಳ್ಳಿಗಳು. ಆ ವರ್ಷದ ಜುಲೈ 17ರಂದು ಲೂಯಿಸ್ ಬೆಂಗಳೂರಿನಲ್ಲಿಯೇ ಹುಟ್ಟಿದರು. ಪರಭಾಷೆಯ ನಾಡಿನಲ್ಲಿ ತಾಯಿಯ ಬಾಣಂತನವೂ ತಂದೆಯ ಕನ್ನಡಾಭ್ಯಾಸವೂ ಒಂದೇ ಕಾಲದಲ್ಲಿ ನಡೆದವೆಂಬುದನ್ನು ಈ ಇಸವಿಗಳೇ ಹೇಳುತ್ತವೆ.

ಅಂದಿನ ಮಿಷನರಿ ಮನೆಯ ದಿನಕ್ಕೆ ಒಂದು ನಿಶ್ಚಿತ ಕ್ರಮವಿತ್ತು. ಬೆಳಗಿನ ಕುಟುಂಬ ಪ್ರಾರ್ಥನೆ, ಅನಂತರ ಮುನ್ಶಿಯ ಬಳಿ ಭಾಷಾಪಾಠ, ಶಾಲೆಗಳ ತಪಾಸಣೆ, ಪೇಟೆಯ ಬೀದಿಯಲ್ಲಿಯೋ ಜಾತ್ರೆಯಲ್ಲಿಯೋ ನಿಂತು ಉಪದೇಶ, ರಾತ್ರಿ ಅನುವಾದದ ಕರಡು ಮತ್ತು ಸ್ವದೇಶದ ಮಂಡಳಿಗೆ ವರದಿ. 1869ರಲ್ಲಿ ಸುಯೆಜ್ ಕಾಲುವೆ ತೆರೆಯುವುದಕ್ಕೆ ಮುಂಚೆ ಆಫ್ರಿಕವನ್ನು ಸುತ್ತಿ ಬರುವ ಹಡಗಿನ ಪ್ರಯಾಣ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಊರಿನಲ್ಲಿ ತಂದೆ ತೀರಿಕೊಂಡ ಸುದ್ದಿ ಇಲ್ಲಿಗೆ ಮುಟ್ಟುವಷ್ಟರಲ್ಲಿ ಅಲ್ಲಿ ಶೋಕದ ಅವಧಿಯೇ ಮುಗಿದಿರಬಹುದಾಗಿತ್ತು. ಬೆಂಜಮಿನ್ ರೈಸ್ ಈ ಕ್ರಮದಲ್ಲಿ 1887ರ ವರೆಗೆ, ಎಂದರೆ ಐವತ್ತು ವರ್ಷ, ಶಾಲೆಗಳನ್ನು ನಡೆಸಿದರು, ಕನ್ನಡ ಬೈಬಲ್ಲಿನ ಪರಿಷ್ಕರಣದಲ್ಲಿ ಭಾಗಿಯಾದರು, ಬೆಂಗಳೂರಿನಲ್ಲಿಯೇ ನಿಧನರಾದರು.

ಈ ಮನೆಯ ಹೆಣ್ಣುಮಕ್ಕಳ ಕೆಲಸ ದಾಖಲೆಗಳಲ್ಲಿ ಅಂಚಿಗೆ ಸರಿದಿದೆ. 1840ರ ಸುಮಾರಿಗೆ ಬೆಂಗಳೂರಿನಲ್ಲಿ ಕನ್ನಡ ಹೆಣ್ಣುಮಕ್ಕಳಿಗೆ ಶಾಲೆ ತೆರೆದವರು ಇಬ್ಬರು ಪಾದ್ರಿಗಳ ಪತ್ನಿಯರು. ಚರಿತ್ರೆಯ ಪುಟಗಳಲ್ಲಿ ಅವರು ಕೇವಲ ಶ್ರೀಮತಿ ರೈಸ್, ಶ್ರೀಮತಿ ಸ್ಯುವೆಲ್ ಎಂದು ಗಂಡಂದಿರ ಹೆಸರಿನಿಂದಲೇ ಉಲ್ಲೇಖಿತರು. ಹೆಣ್ಣು ಓದಿದರೆ ಮನೆಗೆ ಕೇಡೆಂದು ನಂಬಿದ್ದ ಕಾಲದಲ್ಲಿ ಓಣಿ ಓಣಿ ತಿರುಗಿ ತಾಯಂದಿರ ಮನವೊಲಿಸಿ ಐದಾರು ಹುಡುಗಿಯರನ್ನು ಕೂಡಿಸುವುದು ಸಣ್ಣ ಕೆಲಸವಾಗಿರಲಿಲ್ಲ. ಮಿಷನ್ನಿನ ಮಂಡಳಿಯಿಂದ ಸಂಬಳ ಪಡೆಯುತ್ತಿದ್ದವನು ಗಂಡ. ಹೆಂಡತಿಯ ದುಡಿಮೆ ಆ ಸಂಬಳದೊಳಗೇ ಸೇರಿದ್ದೆಂದು ಎಲ್ಲರೂ ಭಾವಿಸಿದ್ದರು.

ಪಶ್ಚಿಮ ಕರಾವಳಿಯಲ್ಲಿ ಕೆಲಸ ಮಾಡಿದ ಬಾಸೆಲ್ ಮಿಷನ್ನಿನ ಕುಟುಂಬಗಳಲ್ಲಿ ಈ ಶಿಸ್ತು ಇನ್ನೂ ಕಠಿಣ. 1834ರಲ್ಲಿ ಮಂಗಳೂರಿಗೆ ಬಂದ ಆ ಸಂಸ್ಥೆ ತನ್ನ ಪ್ರಚಾರಕರ ವಿವಾಹಕ್ಕೂ ಮಂಡಳಿಯ ಅನುಮತಿ ಕಡ್ಡಾಯವೆಂದು ವಿಧಿಸಿತ್ತು. ಅನೇಕ ವಧುಗಳು ವರನನ್ನು ಮೊದಲ ಬಾರಿಗೆ ಕಂಡದ್ದು ಹಡಗಿನಿಂದ ಇಳಿದ ಮೇಲೆಯೇ. ಮಕ್ಕಳು ಶಾಲೆಯ ವಯಸ್ಸಿಗೆ ಬಂದರೆ ಯುರೋಪಿಗೆ ಕಳಿಸಬೇಕೆಂಬುದು ಇನ್ನೊಂದು ನಿಯಮ. ಮಲಯಾಳ ನಿಘಂಟುಕಾರ ಹರ್ಮನ್ ಗುಂಡರ್ಟ್ ಅವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿ, ನಾಲ್ಕು ವರ್ಷ ತುಂಬುವ ಮುಂಚೆಯೇ ಯುರೋಪಿನಲ್ಲಿ ಬಿಡಲ್ಪಟ್ಟು, ತಂದೆತಾಯಿಯರನ್ನು ಮತ್ತೆ ಸೇರಿದ್ದು 1857ರಲ್ಲಿ. ಕಾದಂಬರಿಕಾರ ಹರ್ಮನ್ ಹೆಸ್ಸೆ ಆಕೆಯ ಮಗ. ಕನ್ನಡದಲ್ಲಿ ಬೈಬಲ್ ಅನುವಾದಕ್ಕೆ ದುಡಿದ ವೈಗ್ಲೆ 1855ರಲ್ಲಿ ಮಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ ನಲವತ್ತೂ ಆಗಿರಲಿಲ್ಲ. ಪತ್ನಿ ಪೌಲೀನ್ ವಿಧವೆಯಾದರು. ಅವರನ್ನು ವೈಗ್ಲೆಯ ಬಂಧುವೂ ಸಹೋದ್ಯೋಗಿಯೂ ಆದ ಹರ್ಮನ್ ಮೋಗ್ಲಿಂಗ್ ವರಿಸಿದರು. ನಿಘಂಟುಕಾರ ಕಿಟ್ಟೆಲ್ ಅವರ ಪತ್ನಿ, ಪೌಲೀನ್ ಎಂಬ ಹೆಸರಿನವರೇ, 1864ರಲ್ಲಿ ಗತಿಸಿದರು. ಮೂರು ವರ್ಷಗಳ ಬಳಿಕ ಕಿಟ್ಟೆಲ್ ಆಕೆಯ ತಂಗಿ ಯೂಲಿಯಳನ್ನು ಮದುವೆಯಾದರು. ತ್ಯಾಗವೆಂಬ ಪದವನ್ನು ಪರಮಪೂಜ್ಯವಾಗಿ ಬಳಸುವ ನಮಗೆ ಈ ಕುಟುಂಬಗಳ ತ್ಯಾಗ ಅರ್ಥವಾಗದೆ ಇರದು. ಆದರೆ ನಮ್ಮಲ್ಲಿ ಮುನಿಯು ಸಂಸಾರವನ್ನು ತೊರೆದು ಹೊರಡುತ್ತಾನೆ. ಇವರಲ್ಲಿ ಸಂಸಾರವನ್ನೇ ವ್ರತದೊಳಕ್ಕೆ ತರಲಾಗಿತ್ತು. ಅದರ ಹೊರೆಯಲ್ಲಿ ಹೆಚ್ಚಿನ ಪಾಲು ಬಿದ್ದದ್ದು ವ್ರತವನ್ನು ತಾವಾಗಿ ಕೈಗೊಳ್ಳದ ಮಕ್ಕಳ ಮೇಲೆ.

ಇನ್ನು ದಾನದ ಮಾತು. 1876ರಿಂದ 1878ರ ವರೆಗಿನ ಮಹಾಕ್ಷಾಮ ಮೈಸೂರು ಸೀಮೆಯನ್ನು ಸುಟ್ಟಿತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಗಂಜಿಕೇಂದ್ರಗಳ ಬಳಿ ತಂದೆತಾಯಿಗಳಿಲ್ಲದೆ ಉಳಿದ ಮಕ್ಕಳನ್ನು ಎತ್ತಿಕೊಂಡವರಲ್ಲಿ ಮಿಷನ್ನುಗಳು ಪ್ರಮುಖ. ವೆಸ್ಲಿಯನ್ ಮಿಷನ್ ಹಾಸನ, ತುಮಕೂರುಗಳಲ್ಲಿ ಅನಾಥಾಲಯಗಳನ್ನು ನಡೆಸಿತು; ಕೋಲಾರದಲ್ಲಿಯೂ ಅಂಥದೊಂದು ತೆರೆಯಿತು. ಅನ್ನ, ಆಶ್ರಯ, ಔಷಧ ಮೂರೂ ಅಲ್ಲಿ ದೊರೆತವು. ಎಂದರೆ ನಮ್ಮ ಪರಿಭಾಷೆಯ ನಾಲ್ಕರಲ್ಲಿ ಮೂರು ದಾನಗಳು ನೆರವೇರಿದವು. ಆ ಮಕ್ಕಳು ಬದುಕಿದರು ಎಂಬ ಒಂದು ಮಾತಿನ ಮುಂದೆ ಉಳಿದ ತರ್ಕಗಳೆಲ್ಲ ಎರಡನೆಯ ಸ್ಥಾನದಲ್ಲಿ ನಿಲ್ಲಬೇಕು.

ಆದರೂ ಎರಡನೆಯ ಸ್ಥಾನದಲ್ಲಾದರೂ ಅವು ನಿಲ್ಲಲೇಬೇಕು. ಅಲ್ಲಿ ಬೆಳೆದ ಮಕ್ಕಳು ಕ್ರೈಸ್ತರಾಗಿ ಬೆಳೆದರು. ಮಿಷನರಿಗಳು ಅದನ್ನು ಮುಚ್ಚಿಡಲೂ ಇಲ್ಲ, ಸಾರ್ಥಕತೆಯೆಂದೇ ಬರೆದುಕೊಂಡರು. 1844ರಲ್ಲಿ ಮಂಗಳೂರಿನ ಮಿಷನ್ ಶಾಲೆಯ ಆನಂದರಾವ್ ಕೌಂಡಿಣ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣ ದೀಕ್ಷಾಸ್ನಾನ ಪಡೆದಾಗ ಪಟ್ಟಣ ಕಲಕಿಹೋಯಿತು. ಆತನನ್ನು ಮೋಗ್ಲಿಂಗ್ ಮಗನಂತೆ ಕಂಡರು; ಬಾಸೆಲ್ಲಿಗೆ ಕಳಿಸಿ ಓದಿಸಿದರು. ಒಂದು ಮನೆ ಮಗನನ್ನು ಕಳೆದುಕೊಂಡಿತು, ಇನ್ನೊಂದು ಮನೆ ಪಡೆಯಿತು. ವಿದ್ಯಾದಾನದ ಹಿಂದೆ ಫಲಾಪೇಕ್ಷೆಯಿತ್ತು ಎಂಬುದರಲ್ಲಿ ಸಂದೇಹವಿಲ್ಲ. ನಿದಾನಶಲ್ಯದ ಮಾತು ಇಲ್ಲಿ ಸಲ್ಲುತ್ತದೆ. ಆದರೆ ಪಡೆದವನನ್ನು ಬರಿಯ ಬಲಿಪಶುವೆಂದು ನೋಡುವುದೂ ತಪ್ಪು. ಕೌಂಡಿಣ್ಯ ವಿದ್ಯಾವಂತ, ತನ್ನ ನಿರ್ಧಾರವನ್ನು ಅರಿತು ತೆಗೆದುಕೊಂಡವನು, ಮುಂದೆ ಸ್ವತಃ ಪಾದ್ರಿಯಾಗಿ ದುಡಿದವನು. ಕ್ಷಾಮದ ಶಿಶುವಿಗೆ ಆ ಆಯ್ಕೆಯಿರಲಿಲ್ಲ. ಇವೆರಡನ್ನೂ ಮತಾಂತರವೆಂಬ ಒಂದೇ ಪದದಲ್ಲಿ ಮುಚ್ಚುವ ಚರ್ಚೆಗಳು ಇತಿಹಾಸಕ್ಕೆ ಉಪಕಾರ ಮಾಡುವುದಿಲ್ಲ.

ನಾಲ್ಕನೆಯದಾದ ಶಾಸ್ತ್ರದಾನಕ್ಕೆ ಬಂದಾಗ ಕಥೆ ಅನಿರೀಕ್ಷಿತವಾಗಿ ತಿರುಗುತ್ತದೆ. ಪಾದ್ರಿಗಳು ಕೊಡಬಯಸಿದ ಶಾಸ್ತ್ರ ಬೈಬಲ್. ಅದನ್ನು ಕನ್ನಡಿಸಲು ಕನ್ನಡ ಬೇಕು, ಕನ್ನಡ ಕಲಿಯಲು ವ್ಯಾಕರಣ ಬೇಕು, ವ್ಯಾಕರಣ ಹುಡುಕಿ ಹೊರಟರೆ ಎದುರಾಗುವವರು ಜೈನರು. ಮೋಗ್ಲಿಂಗ್ 1848ರಿಂದ ಮಂಗಳೂರಿನ ಕಲ್ಲಚ್ಚಿನಲ್ಲಿ ಮುದ್ರಿಸಿದ ‘ಬಿಬ್ಲಿಯೊಥೆಕ ಕರ್ನಾಟಿಕ’ದಲ್ಲಿ ಪ್ರಧಾನವಾಗಿ ವೀರಶೈವ, ವೈಷ್ಣವ ಕೃತಿಗಳಿದ್ದವು. ಮುಂದಿನ ತಲೆಮಾರು ಹಳಗನ್ನಡದ ಆಳಕ್ಕಿಳಿಯಿತು. ಕಿಟ್ಟೆಲ್ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರವನ್ನೂ ಪ್ರಕಟಿಸಿದರು, ಆ ವ್ಯಾಸಂಗವೇ 1894ರ ನಿಘಂಟಿಗೆ ತಳಹದಿಯಾಯಿತು.

ರೈಸ್ ಮನೆತನದಲ್ಲಿ ಇದೇ ಬದಲಾವಣೆ ತಂದೆಯಿಂದ ಮಗನಿಗೆ ಸಾಗುವಾಗ ಸಂಭವಿಸಿತು. ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ಬೆಂಗಳೂರಿಗೆ ಮರಳಿದ ಲೂಯಿಸ್, ಮುಂದೆ ಸೆಂಟ್ರಲ್ ಕಾಲೇಜಾದ ಶಾಲೆಯ ಮುಖ್ಯಸ್ಥರಾದರು. ಅನಂತರ ವಿದ್ಯಾ ಇಲಾಖೆಯ ನಿರ್ದೇಶಕರಾದರು. ಶಾಲೆಗಳ ತಪಾಸಣೆಗೆಂದು ಊರೂರು ತಿರುಗುವಾಗ ಕಂಡ ಕಲ್ಬರಹಗಳು ಅವರನ್ನು ಸೆಳೆದವು. 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’, 1889ರಲ್ಲಿ 144 ಶಾಸನಗಳ ಶ್ರವಣಬೆಳಗೊಳ ಸಂಪುಟ, 1890ರಲ್ಲಿ ಭಟ್ಟಾಕಳಂಕನ ‘ಶಬ್ದಾನುಶಾಸನ’, 1898ರಲ್ಲಿ ‘ಪಂಪಭಾರತ’. ಭದ್ರಬಾಹು ಮತ್ತು ಚಂದ್ರಗುಪ್ತರು ಬೆಳಗೊಳಕ್ಕೆ ಬಂದರೆಂಬ ಐತಿಹ್ಯವನ್ನು ಅವರು ಎತ್ತಿಹಿಡಿದರು, ಜೆ. ಎಫ್. ಫ್ಲೀಟ್ ವಿರೋಧಿಸಿದರು. ಆ ವಾದ ಇಂದಿಗೂ ತಣಿದಿಲ್ಲ. ಆದರೆ ಚಂದ್ರಗಿರಿಯ ಬಂಡೆಯ ಮೇಲಿನ ಲಿಪಿ ಜಗತ್ತಿನ ವಿದ್ವತ್ಸಭೆಯ ಮುಂದೆ ಬಂದದ್ದೇ ಅದರಿಂದ. ಸಹೋದರ ಎಡ್ವರ್ಡ್ 1915ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಸಾಹಿತ್ಯ ಚರಿತ್ರೆ, ಹನ್ನೆರಡನೆಯ ಶತಮಾನದ ನಡುವಿನವರೆಗಿನ ಕಾಲವನ್ನು ಜೈನಯುಗವೆಂದೇ ಕರೆಯಿತು. ಕ್ರಿಸ್ತನ ಸುವಾರ್ತೆಗೆಂದು ತೆರೆದ ಮನೆಯಿಂದ ಜಿನಸಮಯದ ಸಾಹಿತ್ಯಕ್ಕೆ ಇಷ್ಟು ದೊಡ್ಡ ಸೇವೆ ಸಂದಿತು. ಪಂಪನ ಓದುಗರು ಮತಾಂತರವಾಗುತ್ತಾರೆಂದು ಯಾವ ಪಾದ್ರಿಯೂ ನಿರೀಕ್ಷಿಸಿರಲಾರ. ಆದ್ದರಿಂದ ನಾಲ್ಕರಲ್ಲಿ ನಿದಾನದ ಮುಳ್ಳಿಲ್ಲದೆ ನಮ್ಮ ಕೈಸೇರಿದ ದಾನ ಇದೊಂದೇ.

ಈಗ ಅಳತೆಗೋಲನ್ನು ನಮ್ಮ ಕಡೆ ತಿರುಗಿಸೋಣ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅಚ್ಚಿಲ್ಲದ ಕಾಲದ ಆ ಔದಾರ್ಯದ ವಾರಸುದಾರರಾದ ನಾವು, ಅಚ್ಚು ಬಂದ ಕಾಲದಲ್ಲಿ ಏನು ಮಾಡಿದೆವು? ಮೂಡುಬಿದಿರೆಯಲ್ಲಿ ಕನ್ನಡ ಲಿಪಿಯ ಓಲೆಗಳಲ್ಲಿ ಉಳಿದಿದ್ದ ‘ಧವಲ’ ಟೀಕೆ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಲಭ್ಯವಿತ್ತು, ಅಧ್ಯಯನಕ್ಕಲ್ಲ. ಅದರ ಮೊದಲ ಮುದ್ರಿತ ಸಂಪುಟ ಹೊರಬಂದದ್ದು 1939ರಲ್ಲಿ, ರೈಸ್ ಅವರ ಬೆಳಗೊಳ ಸಂಪುಟ ಬಂದು ಅರ್ಧ ಶತಮಾನವಾದ ಮೇಲೆ. ಕಾಪಾಡಿದ ನಿಷ್ಠೆಗೆ ಕೈಮುಗಿಯಲೇಬೇಕು. ಆ ಕಾವಲು ಇಲ್ಲದಿದ್ದರೆ ಮುದ್ರಿಸಲು ಏನೂ ಉಳಿಯುತ್ತಿರಲಿಲ್ಲ. ಆದರೆ ಕಾಪಾಡುವುದು ಶಾಸ್ತ್ರದಾನದ ಅರ್ಧ ಮಾತ್ರ. ಇನ್ನರ್ಧವನ್ನು ಬಹುಮಟ್ಟಿಗೆ ಹೊರಗಿನವರು ಪೂರೈಸಿದರು.

ಹೊರಗಿನವರು ಎಂಬ ಮಾತಿಗೂ ಒಂದು ತಿದ್ದುಪಡಿ ಬೇಕು. ಓಲೆಗರಿಯನ್ನು ಪೆಟ್ಟಿಗೆಯಿಂದ ತೆಗೆದುಕೊಟ್ಟ ಗೃಹಸ್ಥರು, ಮೋಡಿಯಂತೆ ಬೆಸೆದ ಅಕ್ಷರವನ್ನು ಬಿಡಿಸಿ ಓದಿದ ಪಂಡಿತರು, ಕಲ್ಲಿನ ಮೇಲೆ ಕಾಗದವಿಟ್ಟು ಅಚ್ಚೆತ್ತಿದ ಇಲಾಖೆಯ ನೌಕರರು ಇಲ್ಲದೆ ಈ ಸಂಪುಟಗಳಲ್ಲಿ ಒಂದೂ ಆಗುತ್ತಿರಲಿಲ್ಲ. ಮುಖಪುಟದ ಮೇಲೆ ಅವರ ಹೆಸರಿಲ್ಲ. ಹೆಣ್ಣುಮಕ್ಕಳ ಶಾಲೆ ತೆರೆದ ಶ್ರೀಮತಿ ರೈಸ್ ಅವರಿಗಾದರೂ ಗಂಡನ ಹೆಸರಿನ ಆಸರೆಯಿತ್ತು. ಮುನ್ಶಿಗೆ ಅದೂ ಇರಲಿಲ್ಲ.

ಸಂಶೋಧಕರ ಮುಂದೆ ಇಲ್ಲೊಂದು ಕೆಲಸವಿದೆ. ಮಿಷನ್ನಿನ ವರದಿಗಳನ್ನು ಮತಾಂತರದ ಲೆಕ್ಕಕ್ಕಾಗಿ ಮಾತ್ರ ಓದುವುದನ್ನು ಬಿಟ್ಟು, ಯಾವ ಊರಿನಲ್ಲಿ ಯಾರ ಮನೆಯ ಓಲೆ, ಯಾವ ಪಂಡಿತನ ಓದು, ಎಷ್ಟು ಸಂಬಳ ಎಂಬುದಕ್ಕಾಗಿ ಓದಬೇಕು. ಬಸದಿಗಳ, ಮಠಗಳ, ಹಳೆಯ ಮನೆಗಳ ಕಡತಗಳನ್ನೂ ಅದೇ ಪ್ರಶ್ನೆಗಳಿಂದ ತೆರೆಯಬೇಕು. ನಾಡಿನ ಜೈನ ಮನೆಗಳ ಅಟ್ಟಗಳಲ್ಲಿ ಇನ್ನೂ ಓಲೆಕಟ್ಟುಗಳಿವೆ. ಹುಳು, ತೇವ, ಮನೆ ಪಾಲಾಗುವಿಕೆ ಅವುಗಳನ್ನು ಪ್ರತಿವರ್ಷ ಕರಗಿಸುತ್ತಿವೆ. ಅವುಗಳ ಛಾಯಾಪ್ರತಿ ತೆಗೆದು ಸೂಚಿ ಸಿದ್ಧಪಡಿಸಲು ಇಂದು ಹಡಗು ಹತ್ತಿ ಯಾರೂ ಬರಬೇಕಾಗಿಲ್ಲ.