ಹಾರ್ವಿ ಮಶ್‌ಮನ್ ಅನ್ನೋ ಹವ್ಯಾಸಿ

ಹಳೇ ಇಂಗ್ಲಿಷ್ ಸಿನಿಮಾ ನೋಡೋ ಚಾಳಿ ಇದ್ದವರಿಗೆ 'ದ ಗ್ರೇಟ್ ಎಸ್ಕೇಪ್' (1963) ಗೊತ್ತೇ ಇರುತ್ತೆ. ಜರ್ಮನ್ನರ ಸೆರೆಶಿಬಿರದಿಂದ ತಪ್ಪಿಸಿಕೊಂಡ ಸೈನಿಕನೊಬ್ಬ ಕದ್ದ ಬೈಕಿನಲ್ಲಿ ಹುಲ್ಲುಗಾವಲಿನ ತುಂಬ ಓಡಿ, ಮುಳ್ಳುತಂತಿಯ ಬೇಲಿ ಹಾರಿಸ್ತಾನಲ್ಲ, ಅದೇ ಸಿನಿಮಾ. ಆ ಒಂದು ಜಿಗಿತದಿಂದ ಸ್ಟೀವ್ ಮೆಕ್ವೀನ್ ಜಗತ್ತಿಗೆಲ್ಲ ಬೈಕ್ ಹೀರೋ ಆಗಿಬಿಟ್ಟ.

ತಮಾಷೆ ಅಂದ್ರೆ ಆ ಜಿಗಿತ ಅವನದ್ದಲ್ಲ. ಹಾರಿದ್ದು ಅವನ ಗೆಳೆಯ ಬಡ್ ಎಕಿನ್ಸ್. ಮೆಕ್ವೀನ್ ಇದನ್ನ ಮುಚ್ಚಿಡಲೂ ಇಲ್ಲ, ಕೇಳಿದವರಿಗೆ ಹಾರಿದ್ದು ಬಡ್ ಅಂತಲೇ ಹೇಳ್ತಿದ್ದ. ಉಳಿದ ಓಡಾಟದಲ್ಲಿ ಬಹುಪಾಲು ಮಾತ್ರ ಅವನದೇ. ಕೆಲವು ಕಡೆ ಜರ್ಮನ್ ಸೈನಿಕನ ವೇಷ ಹಾಕಿ ತನ್ನನ್ನ ತಾನೇ ಬೆನ್ನಟ್ಟಿದ್ದಾನೆ!

ಆದರೆ ಇವತ್ತು ನಾನು ಹೇಳಹೊರಟಿದ್ದು ಸಿನಿಮಾದ ಕಥೆ ಅಲ್ಲ. ತನ್ನದಲ್ಲದ ಜಿಗಿತಕ್ಕೆ ಹೆಸರು ಗಳಿಸಿದ ಈ ಮನುಷ್ಯ, ನಿಜವಾಗಿ ಓಡಿಸಿದ ರೇಸುಗಳಲ್ಲಿ ತನ್ನ ಹೆಸರನ್ನೇ ಬಚ್ಚಿಟ್ಟುಕೊಂಡಿದ್ದ. ಆ ಕಥೆ.

ಮೆಕ್ವೀನ್ ಹುಟ್ಟಿದ್ದು 1930ರಲ್ಲಿ, ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ. ಅಪ್ಪ ಹಸುಗೂಸಿನಲ್ಲೇ ಬಿಟ್ಟುಹೋದ. ಒಂದಷ್ಟು ವರ್ಷ ಮಿಸ್ಸೂರಿಯ ಹೊಲಮನೆಯಲ್ಲಿ ಬಂಧುವೊಬ್ಬನ ಹತ್ತಿರ ಬೆಳೆದ. ಆಮೇಲೆ ದಾರಿ ತಪ್ಪಿ, ಕ್ಯಾಲಿಫೋರ್ನಿಯಾದಲ್ಲಿ 'ಬಾಯ್ಸ್ ರಿಪಬ್ಲಿಕ್' ಅನ್ನೋ ಹುಡುಗರ ಸುಧಾರಣಾಶಾಲೆ ಸೇರಿದ. ಅಲ್ಲಿಂದ ಮುಂದೆ ಮೂರು ವರ್ಷ ಮೆರೀನ್ ಪಡೆ, ಆಮೇಲೆ ನ್ಯೂಯಾರ್ಕಿನಲ್ಲಿ ನಟನೆಯ ಕಲಿಕೆ. ಕೈಯಲ್ಲಿ ಕಾಸಿಲ್ಲದ ಆ ದಿನಗಳಲ್ಲಿ ವಾರಾಂತ್ಯಕ್ಕೆ ಲಾಂಗ್ ಐಲೆಂಡ್ ಸಿಟಿಯ ಬೈಕ್ ರೇಸಿಗೆ ಹೋಗಿ ಬಹುಮಾನದ ಹಣ ತರ್ತಿದ್ದ. ಅಂದರೆ ಬೈಕ್ ಅವನಿಗೆ ಸ್ಟಾರ್ ಆದಮೇಲೆ ಬಂದ ಶೋಕಿ ಅಲ್ಲ.

ಹಾಲಿವುಡ್ಡಿಗೆ ಬಂದಮೇಲೆ ಎಕಿನ್ಸ್ ಪರಿಚಯ ಆಯ್ತು. ಅವನು ಲಾಸ್ ಏಂಜಲೀಸಿನಲ್ಲಿ ಟ್ರಯಂಫ್ ಬೈಕಿನ ಅಂಗಡಿ ಇಟ್ಟಿದ್ದ, ಮರುಭೂಮಿ ರೇಸಿನಲ್ಲಿ ದೊಡ್ಡ ಹೆಸರು. ಮೆಕ್ವೀನನಿಗೆ ಮೊಹಾವಿ ಮರುಭೂಮಿಯ ಹುಚ್ಚು ಹತ್ತಿಸಿದವನೂ ಅವನೇ. ಅಲ್ಲಿ ಟ್ರ್ಯಾಕೂ ಇಲ್ಲ, ಟಾರೂ ಇಲ್ಲ. ದೂರದಲ್ಲಿ ಟೈರು ಸುಟ್ಟು ಹೊಗೆ ಎಬ್ಬಿಸ್ತಾರೆ. ನೂರಾರು ಜನ ಸಾಲಾಗಿ ನಿಂತು, ಬಾವುಟ ಬಿದ್ದ ಕೂಡಲೇ ಆ ಹೊಗೆಯ ಕಡೆ ಒಟ್ಟಿಗೇ ನುಗ್ಗೋದು. ಮುಂದಿದ್ದವನಿಗೆ ದಾರಿ ಕಾಣುತ್ತೆ, ಹಿಂದಿದ್ದವನಿಗೆ ಬರೀ ಧೂಳು. ಆ ಧೂಳಲ್ಲಿ ಯಾರು ಸ್ಟಾರು, ಯಾರು ಮೆಕ್ಯಾನಿಕ್ಕು?

1964ರಲ್ಲಿ ಇವನು ಇನ್ನೂ ದೊಡ್ಡ ಸಾಹಸಕ್ಕೆ ಕೈ ಹಾಕಿದ. 'ಇಂಟರ್‌ನ್ಯಾಷನಲ್ ಸಿಕ್ಸ್ ಡೇಸ್ ಟ್ರಯಲ್' ಅಂತ ಆರು ದಿನಗಳ ಪಂದ್ಯ, ಶುರುವಾಗಿದ್ದು 1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ. ಕಾಡು, ಕೆಸರು, ಬೆಟ್ಟದ ದಾರಿಯಲ್ಲಿ ದಿನವೂ ನೂರಾರು ಕಿಲೋಮೀಟರ್ ಓಡಿಸಿ, ಪ್ರತಿ ತಪಾಸಣಾ ಕಟ್ಟೆಗೂ ಹೇಳಿದ ಹೊತ್ತಿಗೆ ಮುಟ್ಟಬೇಕು. ಬೈಕ್ ಕೆಟ್ಟರೆ ಸವಾರನೇ ರಿಪೇರಿ ಮಾಡ್ಕೋಬೇಕು, ಇನ್ನೊಬ್ಬರು ಸ್ಪ್ಯಾನರ್ ಮುಟ್ಟೋ ಹಾಗಿಲ್ಲ. ಹೇಳಿದ ಹೊತ್ತಿಗೆ ಮುಟ್ಟುತ್ತಾ ಆರು ದಿನ ಮುಗಿಸಿದವರಿಗೆಲ್ಲ ಚಿನ್ನದ ಪದಕ. ಜೆಕೊಸ್ಲೊವಾಕಿಯದ ಜಾವಾ ಬೈಕುಗಳು ಹೆಸರು ಮಾಡಿದ್ದು ಇಂಥ ಪಂದ್ಯಗಳಲ್ಲೇ. ಹೌದು, 1961ರಿಂದ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗ್ತಿದ್ದ ಅದೇ ಜಾವಾ!

ಆ ವರ್ಷದ ಪಂದ್ಯ ಪೂರ್ವ ಜರ್ಮನಿಯ ಎರ್ಫರ್ಟ್‌ನಲ್ಲಿ. ಬರ್ಲಿನ್ ಗೋಡೆ ಎದ್ದು ಆಗಿನ್ನೂ ಮೂರು ವರ್ಷ. ಆ ಕಬ್ಬಿಣದ ಪರದೆಯೊಳಗೆ ಅಮೆರಿಕದ ತಂಡ ಹೋಯ್ತು: ಬಡ್ ಎಕಿನ್ಸ್, ಅವನ ತಮ್ಮ ಡೇವ್, ಕ್ಲಿಫ್ ಕೋಲ್ಮನ್, ಜೊತೆಗೆ ಮೆಕ್ವೀನ್. ಎಲ್ಲರದ್ದೂ ಟ್ರಯಂಫ್ ಬೈಕು. ಮೂರನೇ ದಿನ ಬಡ್ ಕಾಲು ಮುರಿದುಕೊಂಡ. ಅದೇ ದಿನ ಮೆಕ್ವೀನನೂ ಬಿದ್ದು, ಬೈಕು ಜಖಂ ಆಗಿ ಪಂದ್ಯದಿಂದ ಹೊರಗೆ. ಡೇವ್ ಮತ್ತು ಕೋಲ್ಮನ್ ಚಿನ್ನ ತಂದರು. ತಂಡ ಪ್ರಶಸ್ತಿ ಆತಿಥೇಯ ಪೂರ್ವ ಜರ್ಮನಿಗೇ ಹೋಯ್ತು. ಹಾಲಿವುಡ್ಡಿನ ಹೀರೋ ಬರಿಗೈಯಲ್ಲಿ ವಾಪಸ್.

ಅಲ್ಲಿಗೇ ಬಿಟ್ಟಿದ್ದರೆ ಯಾರೂ ತಪ್ಪು ತಿಳೀತಿರಲಿಲ್ಲ. ಅವನು ಬಿಡಲಿಲ್ಲ. ಅರವತ್ತರ ದಶಕದ ಕೊನೆಗೆ ಭಾರದ ಟ್ರಯಂಫ್‌ಗಳ ಕಾಲ ಮುಗೀತಾ ಬಂದಿತ್ತು. ಸ್ವೀಡನ್ನಿನ ಚಾಂಪಿಯನ್ ಟಾರ್ಸ್ಟನ್ ಹಾಲ್ಮನ್ 1966ರಲ್ಲಿ ಹಸ್ಕ್ವರ್ನಾ ಬೈಕನ್ನ ಅಮೆರಿಕಕ್ಕೆ ತಂದು ಓಡಿಸಿ ತೋರಿಸಿದಮೇಲೆ ಎಲ್ಲರಿಗೂ ಹಗುರವಾದ ಟೂ-ಸ್ಟ್ರೋಕ್ ಬೇಕಾಯ್ತು. ಮೆಕ್ವೀನನೂ ಹಸ್ಕ್ವರ್ನಾ ಹತ್ತಿದ. ರೇಸಿಗೆ ಹೆಸರು ಕೊಡುವಾಗ ಮಾತ್ರ 'ಹಾರ್ವಿ ಮಶ್‌ಮನ್' ಅಂತ ಬರೆಸ್ತಿದ್ದ!

ಯಾಕೆ? ನಟನ ಕೈಕಾಲು ಮುರಿದರೆ ನಿರ್ಮಾಪಕರ ದುಡ್ಡು ಮುಳುಗುತ್ತೆ ಅನ್ನೋ ಭಯ ಸ್ಟುಡಿಯೋಗಳಿಗೆ ಇತ್ತು. ಹೆಸರು ಗೊತ್ತಾದರೆ ಜನ ಮುತ್ತಿಕೊಳ್ತಿದ್ದರು, ಅದೂ ಇತ್ತು. ನನಗೆ ಅನ್ಸೋದು ಇನ್ನೊಂದು. ಮುಖ ತೋರಿಸೋದೇ ಹೊಟ್ಟೆಪಾಡಾದ ಮನುಷ್ಯನಿಗೆ, ಹೆಲ್ಮೆಟ್ ಒಳಗೆ ಬರೀ ಒಬ್ಬ ಸವಾರನಾಗಿ ಇರೋದು ಎಂಥಾ ಬಿಡುಗಡೆ ಆಗಿರಬೇಕು!

ಸ್ಟುಡಿಯೋದವರ ಭಯ ಸುಳ್ಳೇನಲ್ಲ. 1970ರಲ್ಲಿ ಎಲ್ಸಿನೋರ್ ಊರಿನ ಬೈಕ್ ರೇಸಲ್ಲಿ ಅವನ ಎಡಗಾಲು ಮುರೀತು. ಕೆಲವೇ ದಿನಗಳಲ್ಲಿ ಅದೇ ಪ್ಲಾಸ್ಟರ್ ಕಾಲಿಟ್ಟುಕೊಂಡು ಸೆಬ್ರಿಂಗ್ 12 ಗಂಟೆಗಳ ಕಾರ್ ರೇಸಿಗೆ ಹೋಗಿ, ಪೀಟರ್ ರೆವ್ಸನ್ ಜೊತೆ ಎರಡನೇ ಸ್ಥಾನ ಪಡೆದ. ಹೆಚ್ಚು ಹೊತ್ತು ಓಡಿಸಿದ್ದು ರೆವ್ಸನ್ ಅನ್ನೋದೂ ನಿಜ.

1971ರಲ್ಲಿ ಬ್ರೂಸ್ ಬ್ರೌನ್ ಮಾಡಿದ 'ಆನ್ ಎನಿ ಸಂಡೇ' ಸಾಕ್ಷ್ಯಚಿತ್ರ ಬಂತು. ದುಡ್ಡು ಹಾಕಿದ್ದು ಮೆಕ್ವೀನನ ಸೋಲಾರ್ ಪ್ರೊಡಕ್ಷನ್ಸ್. ಬ್ರೌನ್ ಹೇಳ್ತಿದ್ದ ಕಥೆ ಸೊಗಸಾಗಿದೆ. ದುಡ್ಡು ಕೇಳೋಕೆ ಹೋದಾಗ ಮೆಕ್ವೀನ್, ನಾನು ಸಿನಿಮಾದಲ್ಲಿ ನಟಿಸ್ತೀನಿ, ದುಡ್ಡು ಹಾಕಲ್ಲ ಅಂದನಂತೆ. ಹಾಗಾದ್ರೆ ನೀನು ಇದರಲ್ಲಿ ಇರೋ ಹಾಗಿಲ್ಲ ಅಂತ ಬ್ರೌನ್ ನಕ್ಕನಂತೆ. ಮಾರನೇ ದಿನ ದುಡ್ಡು ಸಿಕ್ತು! ಚಿತ್ರ ಆಸ್ಕರ್‌ಗೆ ನಾಮಕರಣವೂ ಆಯ್ತು. ಅದರಲ್ಲಿ ನಿಜವಾದ ಹೀರೋಗಳು ರೇಸರ್‌ಗಳಾದ ಮಾಲ್ಕಮ್ ಸ್ಮಿತ್ ಮತ್ತು ಮರ್ಟ್ ಲಾವಿಲ್. ಮೆಕ್ವೀನ್ ಅವರ ಪಕ್ಕದಲ್ಲಿ ಒಬ್ಬ ಹವ್ಯಾಸಿ, ಅಷ್ಟೇ. ಜೇಬಿಂದ ದುಡ್ಡು ಹಾಕಿ ಎರಡನೇ ಸಾಲಲ್ಲಿ ನಿಲ್ಲೋ ಸ್ಟಾರ್‌ಗಳು ಎಷ್ಟು ಜನ ಇದ್ದಾರೆ ಹೇಳಿ?

ಕೊನೇ ವರ್ಷಗಳಲ್ಲಿ ಸಾಂಟಾ ಪೌಲಾ ಅನ್ನೋ ಊರಿನ ವಿಮಾನದ ಶೆಡ್ಡಿನಲ್ಲಿ, ಹಳೇ ವಿಮಾನ ಮತ್ತು ಹಳೇ ಬೈಕುಗಳ ನಡುವೆಯೇ ಕೆಲಕಾಲ ವಾಸವಾಗಿದ್ದ. 1979ರ ಕೊನೆಗೆ ಮೆಸೊಥೆಲಿಯೋಮಾ ಕ್ಯಾನ್ಸರ್ ಅಂತ ಗೊತ್ತಾಯ್ತು. ಹೆಚ್ಚಾಗಿ ಕಲ್ನಾರಿನ ಧೂಳಿಂದ ಬರೋ ಕಾಯಿಲೆ ಅದು. ಇಷ್ಟಪಟ್ಟು ಕುಡಿದ ಮರುಭೂಮಿಯ ಧೂಳು ಅವನನ್ನ ಕೊಲ್ಲಲಿಲ್ಲ. ಮೆರೀನ್ ಪಡೆಯಲ್ಲಿದ್ದಾಗ ಹಡಗಿನ ಪೈಪುಗಳಿಂದ ಕಲ್ನಾರು ಕಿತ್ತಿದ್ದೇ ಕಾರಣ ಅಂತ ಅವನೇ ನಂಬಿದ್ದ. 1980ರ ನವೆಂಬರ್ 7ರಂದು, 50ನೇ ವಯಸ್ಸಿನಲ್ಲಿ, ಮೆಕ್ಸಿಕೋದಲ್ಲಿ ಆಪರೇಷನ್ ಆದಮೇಲೆ ತೀರಿಕೊಂಡ. ಕೂಡಿಟ್ಟಿದ್ದ ನೂರಕ್ಕೂ ಹೆಚ್ಚು ಬೈಕುಗಳು 1984ರಲ್ಲಿ ಹರಾಜಾದವು.

'ಆನ್ ಎನಿ ಸಂಡೇ' ಸಿಕ್ಕರೆ ಕೊನೆಯ ದೃಶ್ಯವನ್ನಾದರೂ ನೋಡಿ. ಸಂಜೆ ಹೊತ್ತು ಕಡಲ ದಂಡೆಯ ಮರಳಲ್ಲಿ ಮೂವರು ಗೆಳೆಯರು ಬೈಕ್ ಓಡಿಸ್ತಿದ್ದಾರೆ. ಗಡಿಯಾರ ಇಲ್ಲ, ನಂಬರ್ ಇಲ್ಲ, ಯಾರೂ ಗೆಲ್ಲಬೇಕಾಗಿಲ್ಲ. ಬೇಲಿ ಹಾರಿದ ದೃಶ್ಯ ಅವನಿಗೆ ಎಷ್ಟೇ ಹೆಸರು ತಂದಿರಲಿ, ಈ ಮನುಷ್ಯನ ನಿಜವಾದ ಗುರುತು ಇಲ್ಲಿದೆ ಅಂತ ನನಗನ್ಸುತ್ತೆ. ನಿಮಗೇನನ್ಸುತ್ತೆ?